ಕ್ಲೋಜರ್ (Clojure) ಪ್ರೋಗ್ರಾಮಿಂಗ್ ಭಾಷೆ: ಮ್ಯಾಪ್ ಕೊಟ್ಟರೆ ಸೀಕ್ವೆನ್ಸ್ ಏಕೆ ಬರುತ್ತದೆ?

ಪ್ರಶ್ನೆ: ಅಕ್ಕಿಗೆ 60, ತೊಗರಿಬೇಳೆಗೆ 160 ಎಂದು ದಿನಸಿ ಬೆಲೆಗಳ ಮ್ಯಾಪ್ (ಕೀ ಮತ್ತು ಮೌಲ್ಯಗಳ ಜೋಡಿಗಳ ಸಂಗ್ರಹ) ಇಟ್ಟುಕೊಂಡು, ಪ್ರತಿ ಬೆಲೆಗೂ ಶೇ. 5ರಷ್ಟು ತೆರಿಗೆ ಸೇರಿಸಲು ಸಂಗ್ರಹದ ಪ್ರತಿ ಅಂಶಕ್ಕೂ ನಾವು ಕೊಟ್ಟ ಫಂಕ್ಷನ್ ಅನ್ವಯಿಸುವ, ಮ್ಯಾಪ್ ಎಂದೇ ಹೆಸರಿರುವ ಫಂಕ್ಷನ್ ಬಳಸಿದೆ. ಬಂದ ಫಲಿತಾಂಶದಲ್ಲಿ ಅಕ್ಕಿಯ ಕೀ ಕೊಟ್ಟು ಹುಡುಕಿದರೆ ನಿಲ್ (ಮೌಲ್ಯವಿಲ್ಲ ಎಂಬ ಸೂಚನೆ) ಸಿಗುತ್ತಿದೆ. ದಯವಿಟ್ಟು ಕಾರಣ ತಿಳಿಸಿ.

ಉತ್ತರ 1: ಆ ಫಂಕ್ಷನ್ ಯಾವ ಸಂಗ್ರಹವನ್ನು ಕೊಟ್ಟರೂ ಸೀಕ್ವೆನ್ಸ್ (ಅಂಶಗಳ ಸಾಲು) ಎಂದೇ ನೋಡುತ್ತದೆ; ನಿಮ್ಮ ಮ್ಯಾಪ್ ಅದಕ್ಕೆ ಕೀ ಮತ್ತು ಮೌಲ್ಯಗಳ ಜೋಡಿಗಳ ಸಾಲು ಮಾತ್ರವಾದ್ದರಿಂದ, ಮರಳಿ ಬರುವುದೂ ಲೇಜಿ (ಬೇಕಾದಾಗಷ್ಟೇ ಲೆಕ್ಕ ಹಾಕುವ) ಸೀಕ್ವೆನ್ಸೇ. ಅದರಲ್ಲಿ ಕೀ ಹುಡುಕಿದರೆ ಯಾವ ದೋಷಸೂಚನೆಯೂ ಇಲ್ಲದೆ ನಿಲ್ ಬರುತ್ತದೆ; ನನಗೆ ಅಪಾಯಕರವೆನಿಸುವುದು ಈ ಮೌನವೇ. ತೆರಿಗೆ ಸೇರಿಸುವ ನಿಮ್ಮ ಫಂಕ್ಷನ್ ಪ್ರತಿ ಸಲವೂ ಕೀ ಸಮೇತ ಜೋಡಿಯನ್ನೇ ಹಿಂದಿರುಗಿಸಲಿ, ಬಳಿಕ ಇನ್‌ಟು ಫಂಕ್ಷನ್ ಬಳಸಿ ಎಲ್ಲವನ್ನೂ ಖಾಲಿ ಮ್ಯಾಪಿಗೆ ಸೇರಿಸಿ.

ಉತ್ತರ 2: 2022ರಲ್ಲಿ ಬಂದ 1.11 ಆವೃತ್ತಿಯಿಂದ ಕ್ಲೋಜರ್‌ನಲ್ಲಿ ಅಪ್‌ಡೇಟ್-ವ್ಯಾಲ್ಸ್ ಎಂಬ ಫಂಕ್ಷನ್ ಇದೆ. ಅದು ಕೀಗಳನ್ನು ಹಾಗೆಯೇ ಉಳಿಸಿ, ಮೌಲ್ಯಗಳನ್ನಷ್ಟೇ ಬದಲಿಸಿ, ಮ್ಯಾಪನ್ನೇ ಕೊಡುತ್ತದೆ.

ಪ್ರಶ್ನೆ ಕೇಳಿದವರು: ಅಪ್‌ಡೇಟ್-ವ್ಯಾಲ್ಸ್ ಬಳಸಿದೆ, ಅಕ್ಕಿಗೆ 63.0 ಬಂದಿತು. ಇಬ್ಬರಿಗೂ ಧನ್ಯವಾದಗಳು.