ಕನ್ಸಾಲಿಡೇಷನ್ ಸಾಫ್ಟ್‌ವೇರ್ ಬರ್ತಿದೆ, ಬಳಸಿದವರು ದಯವಿಟ್ಟು ಅನುಭವ ಹೇಳಿ

ಕೇಳಿದವರು, ನರಸಾಪುರ: ಎಲ್ಲರಿಗೂ ನಮಸ್ಕಾರ. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ಆರು ವರ್ಷದಿಂದ ಇದ್ದೀನಿ. ನಮ್ಮ ಗ್ರೂಪ್‌ನಲ್ಲಿ ಹನ್ನೊಂದು ಕಂಪನಿ, ಅದರಲ್ಲಿ ಮೂರು ಹೊರದೇಶದವು. ಇಷ್ಟು ದಿನ ಎಲ್ಲರೂ ಟ್ರಯಲ್ ಬ್ಯಾಲೆನ್ಸನ್ನ (ಎಲ್ಲಾ ಖಾತೆಗಳ ಬಾಕಿ ಪಟ್ಟಿ) ಎಕ್ಸೆಲ್‌ನಲ್ಲೇ ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸ್ತಿದ್ವಿ. ಇನ್ಮೇಲೆ ಬಜೆಟ್ಟೂ ಕನ್ಸಾಲಿಡೇಷನ್ನೂ (ಎಲ್ಲಾ ಕಂಪನಿಗಳ ಲೆಕ್ಕ ಸೇರಿಸಿ ಒಂದೇ ಗ್ರೂಪ್ ಲೆಕ್ಕ ಮಾಡೋದು) ಎರಡೂ ಒರಾಕಲ್‌ನ ಹೈಪೀರಿಯನ್ ಸಾಫ್ಟ್‌ವೇರ್‌ನಲ್ಲಿ ಅಂತಿದ್ದಾರೆ. ನಮ್ಮ ಪ್ಲಾಂಟ್ ಕಡೆಯಿಂದ ನಾನೊಬ್ಬಳೇ. ಶುರುವಿನಲ್ಲೇ ಯಾವುದನ್ನ ಗಟ್ಟಿ ಮಾಡ್ಕೋಬೇಕು?

ವೇಮಗಲ್‌ನಿಂದ: ಮೇಡಂ, ಈ ಕೆಲಸದಲ್ಲಿ ಒಂಬತ್ತು ವರ್ಷ ಆಯ್ತು. ಮೊದಲು ಎಸ್‌ಎಪಿ ಕಂಪನಿಯ ಇಂಥದ್ದೇ ಸಾಫ್ಟ್‌ವೇರ್ ಬಿಪಿಸಿ, ಈಗ ಹೈಪೀರಿಯನ್. ಯಾವ ಸಾಫ್ಟ್‌ವೇರ್ ಆದ್ರೂ ನಾನು ಹೇಳೋದು ಒಂದೇ: ಮ್ಯಾಪಿಂಗ್ ಶೀಟ್ ನಿಮ್ಮ ಕೈಯಲ್ಲಿರಲಿ, ಕನ್ಸಲ್ಟೆಂಟ್ ಕೈಗೆ ಬಿಡಬೇಡಿ. ನಿಮ್ಮ ಲೆಡ್ಜರ್‌ನ ಯಾವ ಖಾತೆ ಗ್ರೂಪ್‌ನ ಯಾವ ಖಾತೆಗೆ ಸೇರುತ್ತೆ ಅನ್ನೋ ಪಟ್ಟಿ ಅದು. ಅವರು ಕೆಲಸ ಮುಗಿಸಿ ಹೊರಟುಹೋಗ್ತಾರೆ, ಆಡಿಟರ್ ಮುಂದೆ ಕೂರೋದು ನೀವು.

ನಮ್ಮಲ್ಲಿ ಏನಾಯ್ತು ಕೇಳಿ. ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲಿನಿಂದ ಕೆಲಸಗಾರರನ್ನ ಕರ್ಕೊಂಡು ಬರೋ ಬಸ್ಸುಗಳ ಬಾಡಿಗೆ ನಮ್ಮ ಲೆಡ್ಜರ್‌ನಲ್ಲಿ 'ಟ್ರಾನ್ಸ್‌ಪೋರ್ಟ್' ಅಂತಿತ್ತು. ಕನ್ಸಲ್ಟೆಂಟ್ ಹುಡುಗ ಹೆಸರು ನೋಡಿ ಅದನ್ನ ಸರಕು ಸಾಗಣೆ ಖರ್ಚಿಗೆ ಸೇರಿಸಿಬಿಟ್ಟ. ಎರಡು ಕ್ವಾರ್ಟರ್ ಪೂರ್ತಿ ನಮ್ಮ ಪ್ಲಾಂಟಿಗೇ ಲಾರಿ ಖರ್ಚು ಜಾಸ್ತಿ ಅಂತ ಹೆಡ್ ಆಫೀಸಿನಿಂದ ಬೈಸಿಕೊಂಡ್ವಿ. ಅದು ಸೇರಬೇಕಾಗಿದ್ದು ಸಿಬ್ಬಂದಿ ಖರ್ಚಿಗೆ. ಒಟ್ಟು ಲಾಭ ಸರಿ ಇದ್ದಿದ್ದರಿಂದ ಯಾವ ಚೆಕ್ಕಿಗೂ ಅದು ಸಿಕ್ಕಿರಲಿಲ್ಲ. ಹಾಗಾಗಿ ಪ್ರತಿ ಖಾತೆಯಲ್ಲೂ ನಾಲ್ಕೈದು ವೋಚರ್ ತೆಗೆದು ನೋಡಿ, ಆಮೇಲೆ ಸಾಲು ಸಾಲಾಗಿ ಸಹಿ ಮಾಡಿ.

ಆಮೇಲೆ ಇಂಟರ್‌ಕಂಪನಿ, ಅಂದ್ರೆ ಗ್ರೂಪ್‌ನ ಕಂಪನಿಗಳ ನಡುವಿನ ವ್ಯವಹಾರ. ಸಾಫ್ಟ್‌ವೇರ್ ಬಂದ್ರೆ ತಾನಾಗಿ ತಾಳೆ ಮಾಡುತ್ತೆ ಅಂತ ನಾವೂ ನಂಬಿದ್ವಿ. ಅದು ನಮ್ಮ ಲೆಕ್ಕ, ಅವರ ಲೆಕ್ಕ ಎರಡನ್ನೂ ಎದುರುಬದುರು ಇಟ್ಟು ವ್ಯತ್ಯಾಸ ತೋರಿಸುತ್ತೆ, ಅಷ್ಟೇ. ಮೊದಲನೇ ಸಲ ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವಾಗ (ಕ್ಲೋಸಿಂಗ್) ನಮ್ಮ ಜರ್ಮನಿ ಕಂಪನಿ ಜೊತೆ 43 ಲಕ್ಷದ 18 ಸಾವಿರ ತಾಳೆ ಆಗ್ಲಿಲ್ಲ. ರಾತ್ರಿ ಹತ್ತರವರೆಗೂ ಇನ್‌ವಾಯ್ಸ್ ಹುಡುಕಿದ್ವಿ. 'ವ್ಯತ್ಯಾಸದ ಖಾತೆಗೆ ಹಾಕಿ ಮುಗಿಸ್ರಿ' ಅಂತ ಫೋನ್ ಬಂತು. ಅಷ್ಟರಲ್ಲಿ ಸ್ಟೋರ್ಸ್‌ನ ಹಿರಿಯರೊಬ್ಬರು ಗೇಟ್ ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಡಿಸಿದ್ರು. ಮಾರ್ಚ್ 30, ಸಂಜೆ 6.40, ಚೆನ್ನೈ ಬಂದರಿಗೆ ಹೊರಟ ಕಂಟೇನರ್, ಪಕ್ಕದಲ್ಲಿ ಸೆಕ್ಯುರಿಟಿಯವರ ಸಹಿ. ನಾವು ಮಾರಾಟ ಅಂತ ಬರೆದಿದ್ವಿ. ಅವರಿಗೆ ಮಾಲು ಮುಟ್ಟಿರಲಿಲ್ಲ, ಅವರು ಬರೆದಿರಲಿಲ್ಲ. ಅವರ ಪುಸ್ತಕದಲ್ಲಿ 'ದಾರಿಯಲ್ಲಿರೋ ಸರಕು' ಅಂತ ಎಂಟ್ರಿ ಹಾಕಿಸಿದ್ವಿ, ತಾಳೆ ಆಯ್ತು.

ಅವತ್ತಿಂದ ಪ್ರತಿ ತಿಂಗಳು 25ಕ್ಕೇ ದಾರಿಯಲ್ಲಿರೋ ಮಾಲಿನ ಪಟ್ಟಿ ಅವರಿಗೆ ಕಳಿಸ್ತೀವಿ. ಇನ್ನೊಂದು: ನೀವು 80 ರೂಪಾಯಿಗೆ ಮಾಡಿದ ಮಾಲನ್ನ ಗ್ರೂಪ್ ಕಂಪನಿಗೆ 100ಕ್ಕೆ ಮಾರಿ, ಅದು ಮಾರ್ಚ್ 31ಕ್ಕೆ ಅವರ ಗೋಡೌನ್‌ನಲ್ಲೇ ಇದ್ರೆ, ಆ 20 ರೂಪಾಯಿ ಗ್ರೂಪ್ ಲೆಕ್ಕದಲ್ಲಿ ಲಾಭ ಅಲ್ಲ, ತೆಗೆಯಬೇಕು. ಅದಕ್ಕೆ ಅವರ ಸ್ಟಾಕ್‌ನಲ್ಲಿ ನಿಮ್ಮಿಂದ ಕೊಂಡದ್ದು ಎಷ್ಟು ಅಂತ ಯಾರಾದ್ರೂ ತುಂಬಲೇಬೇಕು. ಆ ಕಾಲಂ ಟೆಂಪ್ಲೇಟ್‌ನಲ್ಲಿ ಇದೆಯಾ ಅಂತ ಈಗಲೇ ನೋಡಿ.

ನಿಮ್ಮದು ಲಿಸ್ಟೆಡ್ (ಷೇರು ಪೇಟೆಯಲ್ಲಿರೋ) ಕಂಪನಿ ಆಗಿದ್ರೆ ಕ್ವಾರ್ಟರ್ ಫಲಿತಾಂಶಕ್ಕೆ 45 ದಿನ, ವರ್ಷದ್ದಕ್ಕೆ 60 ದಿನ ಗಡುವು. ಆಡಿಟ್ಟು, ಬೋರ್ಡ್ ಮೀಟಿಂಗ್ ಎಲ್ಲಾ ಕಳೆದು ಪ್ಲಾಂಟಿಗೆ ಉಳಿಯೋದು ನಾಲ್ಕೋ ಐದೋ ದಿನ. ಅದಕ್ಕೇ ಎರಡು ಕ್ವಾರ್ಟರ್ ಹಳೇ ಎಕ್ಸೆಲ್ಲನ್ನೂ ಜೊತೆಜೊತೆಗೆ ನಡೆಸಿ. ಹೋದ ವರ್ಷದ ಆಡಿಟ್ ಆದ ಅಂಕಿ ಹೊಸದರಲ್ಲಿ ಹಾಗೇ ಬರೋವರೆಗೂ 'ಸರಿ ಇದೆ' ಅಂತ ಮೇಲ್ ಹಾಕಬೇಡಿ.

ಮಾಲೂರಿನಿಂದ: ಸರ್ ಹೇಳಿದ್ದು ಸರಿ. ನಾನು ಬಜೆಟ್ ನೋಡ್ಕೊಳ್ಳೋಳು, ಅದರ ಬಗ್ಗೆ ಹೇಳ್ತೀನಿ. ಹೈಪೀರಿಯನ್‌ನಲ್ಲಿ ಬಜೆಟ್‌ಗೆ ಪ್ಲಾನಿಂಗ್, ಕನ್ಸಾಲಿಡೇಷನ್‌ಗೆ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಅಂತ ಎರಡು ಬೇರೆ ಬೇರೆ. ಎರಡರಲ್ಲೂ ಖಾತೆ ಪಟ್ಟಿ ಒಂದೇ ಇರಬೇಕು, ಇಲ್ಲಾಂದ್ರೆ ಬಜೆಟ್ಟಿಗೂ ನಿಜವಾದ ಖರ್ಚಿಗೂ ಹೋಲಿಕೆ ಬರಲ್ಲ.

ಹೆಡ್ ಆಫೀಸಿನ ಟೆಂಪ್ಲೇಟ್‌ನಲ್ಲಿ ನಮ್ಮ ಕೋಲಾರದ ಖರ್ಚು ಇರಲ್ಲ, ಅದನ್ನ ನೀವೇ ಕೇಳಿ ಹಾಕಿಸ್ಕೋಬೇಕು. ನಮ್ಮದರಲ್ಲಿ ಟ್ಯಾಂಕರ್ ನೀರಿಗೆ ಸಾಲೇ ಇರಲಿಲ್ಲ. 'ಇತರೆ'ಗೆ ಹಾಕಿ ವರ್ಷದ ಮೊತ್ತವನ್ನ ಹನ್ನೆರಡರಿಂದ ಭಾಗ ಮಾಡಿದ್ವಿ. ಏಪ್ರಿಲ್, ಮೇನಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ಲೈನ್ ಹಚ್ಚಿದಾಗ ಬಜೆಟ್ ಮೀರಿದ್ರಿ ಅಂತ ಪ್ರತಿ ವಾರ ವಿವರಣೆ. ಈಗ ಬೇರೆ ಸಾಲು ಇದೆ: ದಿನಕ್ಕೆ ಎಷ್ಟು ಲೋಡು, ಲೋಡಿಗೆ ಎಷ್ಟು, ತಿಂಗಳುವಾರು. ಎಕ್ಸೆಲ್ ಹೋಗುತ್ತೆ ಅಂತ ಚಿಂತೆ ಬೇಡ, ಹೈಪೀರಿಯನ್ನನ್ನ ಎಕ್ಸೆಲ್‌ಗೆ ಜೋಡಿಸೋ ಸ್ಮಾರ್ಟ್ ವ್ಯೂ ಹಾಕಿಸ್ಕೊಂಡ್ರೆ ಎಕ್ಸೆಲ್ ಒಳಗಿಂದಲೇ ತುಂಬಬಹುದು.

ಕೇಳಿದವರು, ನರಸಾಪುರ: ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮಲ್ಲೂ ಬಸ್ ಬಾಡಿಗೆ 'ಟ್ರಾನ್ಸ್‌ಪೋರ್ಟ್' ಅಂತಲೇ ಇದೆ, ಈಗಷ್ಟೇ ನೋಡಿದೆ! ಸರ್, ಹೊರದೇಶದ ಕಂಪನಿಗಳಲ್ಲಿ ಏನೂ ವ್ಯವಹಾರ ನಡೀದೇ ಇದ್ರೂ ರೂಪಾಯಿ ಮೊತ್ತ ಬದಲಾಗುತ್ತೆ ಅಂತಾರೆ. ಅದು ಹೇಗೆ?

ವೇಮಗಲ್‌ನಿಂದ: ಇಂಡ್ ಎಎಸ್ 21 ಅನ್ನೋ ಭಾರತದ ಲೆಕ್ಕಪತ್ರ ಮಾನದಂಡದ ಪ್ರಕಾರ ಆಸ್ತಿ, ಸಾಲ ಎರಡಕ್ಕೂ ಕ್ಲೋಸಿಂಗ್ ದಿನದ ವಿನಿಮಯ ರೇಟು. ಆದಾಯ, ಖರ್ಚಿಗೆ ವ್ಯವಹಾರ ನಡೆದ ದಿನದ ರೇಟು, ಅದರ ಬದಲಿಗೆ ಸಾಮಾನ್ಯವಾಗಿ ಸರಾಸರಿ ರೇಟು ಹಾಕ್ತಾರೆ. ಉದಾಹರಣೆಗೆ ಆ ಕಂಪನಿಯ ನಿವ್ವಳ ಆಸ್ತಿ 10 ಲಕ್ಷ ಯೂರೋ ಅಂದ್ಕೊಳ್ಳಿ. ವರ್ಷದ ಶುರುವಿಗೆ 90 ರೂಪಾಯಿ ಇದ್ರೆ 9 ಕೋಟಿ, ಕೊನೆಗೆ 92 ಆದ್ರೆ 9 ಕೋಟಿ 20 ಲಕ್ಷ. ಆ 20 ಲಕ್ಷ ಯಾರೂ ದುಡಿದಿದ್ದಲ್ಲ. ಅದು ಲಾಭಕ್ಕೆ ಸೇರಲ್ಲ, ಟ್ರಾನ್ಸ್‌ಲೇಷನ್ ರಿಸರ್ವ್ ಅನ್ನೋ, ಇಂಥ ವ್ಯತ್ಯಾಸ ಬೇರೆಯಾಗಿ ಇಡೋ ಖಾತೆಗೆ ಹೋಗುತ್ತೆ. ಹನ್ನೊಂದು ಕಂಪನಿಗೂ ರೇಟು ಹಾಕೋದು ಹೆಡ್ ಆಫೀಸಿನ ಒಬ್ಬರೇ ಅಂತ ಮೊದಲನೇ ಮೀಟಿಂಗ್‌ನಲ್ಲೇ ಬರವಣಿಗೆಯಲ್ಲಿ ತಗೊಳ್ಳಿ. ಬಸ್ ಬಾಡಿಗೆ ಖಾತೆಯ ಹೆಸರನ್ನ ಇವತ್ತೇ ಬದಲಾಯಿಸಿಬಿಡಿ ಮೇಡಂ.