ಮಾಡ್‌ಪರ್ಲ್‌ಗೆ ಹಾಕಿದ್ಮೇಲೆ ಒಬ್ರ ಮಾರ್ಕ್ಸ್ ಇನ್ನೊಬ್ರಿಗೆ ಕಾಣ್ತಿದೆ, ಸಿಜಿಐನಲ್ಲಿ ಸರಿ ಇತ್ತು

ಲ್ಯಾಬ್_ಮನುಷ್ಯ:

ನಮಸ್ಕಾರ ಎಲ್ರಿಗೂ. ಇಲ್ಲಿ ಪರ್ಲ್ ಲ್ಯಾಂಗ್ವೇಜ್ ಗೊತ್ತಿರೋರು ಇನ್ನೂ ಯಾರಾದ್ರೂ ಇದೀರಾ?

ನಮ್ಮ ಕಾಲೇಜಲ್ಲಿ ಇಂಟರ್ನಲ್ ಮಾರ್ಕ್ಸ್ ನೋಡೋಕೆ ಒಂದು ಹಳೇ ಪರ್ಲ್ ಸ್ಕ್ರಿಪ್ಟ್ ಇದೆ. ರಿಜಿಸ್ಟರ್ ನಂಬರ್, ಹುಟ್ಟಿದ ತಾರೀಖು ಹಾಕಿದ್ರೆ ಮೇಲೆ ಹೆಸರು, ಕೆಳಗೆ ಮಾರ್ಕ್ಸ್ ಟೇಬಲ್, ಅಷ್ಟೇ. ಸಿಜಿಐ ಆಗಿ (ಅಂದ್ರೆ ಪ್ರತಿ ರಿಕ್ವೆಸ್ಟಿಗೂ ಸ್ಕ್ರಿಪ್ಟ್ ಹೊಸದಾಗಿ ಶುರು ಆಗೋ ಹಾಗೆ) ವರ್ಷಗಟ್ಲೆ ಓಡಿದೆ, ಯಾವ ತಕರಾರೂ ಇರ್ಲಿಲ್ಲ, ಆದ್ರೆ ಮಾರ್ಕ್ಸ್ ಬಿಟ್ಟ ದಿನ ಎಲ್ರೂ ಒಟ್ಟಿಗೆ ಮುಗಿಬಿದ್ರೆ ಪೇಜ್ ತೆಗೆಯೋದೇ ಕಷ್ಟ, ಅದಕ್ಕೆ ವೆಬ್ ಸರ್ವರ್ ಅಪಾಚೆ ಒಳಗೇ ಓಡ್ಲಿ ಅಂತ, ಪರ್ಲನ್ನ ಅಪಾಚೆಗೆ ಸೇರ್ಸೋ ಮಾಡ್‌ಪರ್ಲ್‌ನ ರಿಜಿಸ್ಟ್ರಿ ಹ್ಯಾಂಡ್ಲರ್‌ಗೆ ಹಾಕಿದ್ವಿ. ಸ್ಕ್ರಿಪ್ಟ್‌ನಲ್ಲಿ ಒಂದಕ್ಷರ ಮುಟ್ಟಿಲ್ಲ. ಸ್ಪೀಡ್ ಸಕತ್ತಾಗಿದೆ.

ಆದ್ರೆ ಈಗ ಹೊಸ ತಲೆನೋವು. ಮೇಲೆ ಹೆಸರು, ನಂಬರ್ ಸರಿ ಬರತ್ತೆ, ಕೆಳಗಿರೋ ಟೇಬಲ್ ಮಾತ್ರ ಇನ್ಯಾರದೋ. ರಿಫ್ರೆಶ್ ಹೊಡೆದ್ರೆ ಬೇರೆ ಇನ್ನೊಬ್ರದು, ಇನ್ನೊಂದ್ಸಲ ಹೊಡೆದ್ರೆ ಸರಿಯಾದ್ದೇ ಬರತ್ತೆ. ಅಪಾಚೆ ರೀಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತು ಎಲ್ಲಾ ನೆಟ್ಟಗಿರತ್ತೆ ಆಮೇಲೆ ಮತ್ತೆ ಅದೇ ಕಥೆ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಓಡಿಸಿದ್ರೆ ಎಷ್ಟು ಸಲ ಓಡಿಸಿದ್ರೂ ಸರಿ. ಉಬುಂಟು, ಅಪಾಚೆ 2.4, ಪ್ರಿಫೋರ್ಕ್ (ಅಪಾಚೆ ಹಲವು ಚೈಲ್ಡ್ ಪ್ರೋಸೆಸ್ ಇಟ್ಕೊಂಡು ಓಡೋ ರೀತಿ), ಡೇಟಾಬೇಸ್ ಪೋಸ್ಟ್‌ಗ್ರೆಸ್. ಎಲ್ಲಿಂದ ಹಿಡೀಬೇಕು ಹೇಳಿ ಪ್ಲೀಸ್.

ಪಿಎಚ್‌ಪಿ_ಪುಟ್ಟ:

ಕ್ಯಾಶ್ ಇರ್ಬೇಕು ಬ್ರೋ. ಬ್ರೌಸರ್ ಇಲ್ಲಾ ಮಧ್ಯದಲ್ಲಿರೋ ಪ್ರಾಕ್ಸಿ ಹಳೇ ಪೇಜ್ ಇಟ್ಕೊಂಡು ಕೊಡ್ತಿರತ್ತೆ. ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ನೋ-ಸ್ಟೋರ್ ಹಾಕಿ ನೋಡಿ. ಮಾರ್ಕ್ಸ್ ತರದ ಪೇಜಿಗೆ ಅದು ಹೆಂಗಿದ್ರೂ ಇರ್ಲೇಬೇಕು. ಆಮೇಲೆ ಸರ್ವರ್ ಮೆಷೀನ್‌ನಿಂದಲೇ ಲೋಕಲ್‌ಹೋಸ್ಟ್‌ಗೆ ಕರ್ಲ್ (ಬ್ರೌಸರ್ ಇಲ್ದೆ ಪೇಜ್ ತರೋ ಕಮಾಂಡ್) ಹೊಡೆದು ನೋಡಿ, ಅಲ್ಲೂ ಹಿಂಗೇ ಬಂದ್ರೆ ಕ್ಯಾಶ್ ಅಲ್ಲ.

ಲ್ಯಾಬ್_ಮನುಷ್ಯ:

ಹೆಡರ್ ಹಾಕ್ದೆ, ಥ್ಯಾಂಕ್ಸ್, ಆದ್ರೆ ಕರ್ಲ್‌ನಲ್ಲೂ ಹಾಗೇ ಬರ್ತಿದೆ. ಎರರ್ ಲಾಗ್ ತೆಗೆದು ನೋಡ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು, ವೇರಿಯಬಲ್ $ರೆಗ್‌ನೋ ವಿಲ್ ನಾಟ್ ಸ್ಟೇ ಶೇರ್ಡ್ ಅಂತ. ಬರೀ ವಾರ್ನಿಂಗ್, ಎರರ್ ಅಲ್ಲ, ಅದೂ ಪ್ರತಿ ರಿಕ್ವೆಸ್ಟಿಗೂ ಬರಲ್ಲ, ರೀಸ್ಟಾರ್ಟ್ ಆದ ಹೊಸದ್ರಲ್ಲಿ ಮಾತ್ರ ಬಂದು ಸುಮ್ನಾಗತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಹಳೇ_ಒಂಟೆ:

ಸಂಬಂಧ ಇದ್ಯಾ ಅಂತ ಕೇಳ್ತೀರಲ್ಲ, ಅದೇ ಕಣ್ರೀ ಕಳ್ಳ! ಹೆಸರು ಸರಿ ಟೇಬಲ್ ಮಾತ್ರ ತಪ್ಪು ಅಂತ ನೀವು ಬರೆದಾಗ್ಲೇ ಅನುಮಾನ ಇತ್ತು. ನಿಮ್ಮ ಸ್ಕ್ರಿಪ್ಟ್ ಹೀಗಿರತ್ತೆ ನೋಡಿ: ಮೇಲ್ಗಡೆ ಮೈ (my, ಅಂದ್ರೆ ಲೋಕಲ್) $ರೆಗ್‌ನೋ ಅಂತ ಒಂದು ವೇರಿಯಬಲ್, ಅದಕ್ಕೆ ಫಾರ್ಮ್‌ನಿಂದ ಬಂದ ನಂಬರ್ ಹಾಕ್ತೀರ, ಹೆಸರು ಪ್ರಿಂಟ್ ಮಾಡೋ ಕೋಡ್ ಅಲ್ಲೇ ಬಯಲಲ್ಲಿರತ್ತೆ, ಟೇಬಲ್ ತೋರ್ಸೋದು ಮಾತ್ರ ಕೆಳಗೆ ಒಂದು ಸಬ್ (ಫಂಕ್ಷನ್) ಒಳಗೆ, ಆ ಸಬ್‌ಗೆ ಏನೂ ಪಾಸ್ ಮಾಡಲ್ಲ, ಅದು $ರೆಗ್‌ನೋ ಅನ್ನ ಹೊರಗಡೆಯಿಂದ ನೇರವಾಗಿ ಎತ್ಕೊಳತ್ತೆ. ಹೌದಲ್ವಾ?

ಸಿಜಿಐನಲ್ಲಿ ಇದು ತಪ್ಪೇ ಅಲ್ಲ. ಪ್ರತಿ ರಿಕ್ವೆಸ್ಟಿಗೂ ಹೊಸ ಪ್ರೋಸೆಸ್ ಹುಟ್ಟತ್ತೆ, ಪರ್ಲ್ ಲೋಡಾಗತ್ತೆ, ಸ್ಕ್ರಿಪ್ಟ್ ಕಂಪೈಲ್ ಆಗತ್ತೆ, ಓಡತ್ತೆ, ಸಾಯತ್ತೆ. ಕೊಳೆ ಏನಿದ್ರೂ ಅದರ ಜೊತೇನೇ ಹೋಯ್ತು. ರಿಜಿಸ್ಟ್ರಿಯಲ್ಲಿ ಹಾಗಲ್ಲ. ಅಪಾಚೆಯ ಪ್ರತಿ ಚೈಲ್ಡ್ ಪ್ರೋಸೆಸ್ ನಿಮ್ಮ ಫೈಲನ್ನ ಒಂದೇ ಸಲ ಕಂಪೈಲ್ ಮಾಡಿ ಮೆಮೊರಿಯಲ್ಲಿ ಇಟ್ಕೊಳತ್ತೆ, ಅದೂ ಹೇಗೆ ಅಂದ್ರೆ ಇಡೀ ಸ್ಕ್ರಿಪ್ಟನ್ನ ಹ್ಯಾಂಡ್ಲರ್ ಅನ್ನೋ ಒಂದು ದೊಡ್ಡ ಸಬ್ ಒಳಗೆ ತುರುಕತ್ತೆ. ಅಂದ್ರೆ ನೀವು ಬರೆದ ಸಬ್ ಈಗ ಸಬ್ ಒಳಗಿನ ಸಬ್. ಪರ್ಲ್‌ನಲ್ಲಿ ಹೆಸರಿರೋ ಒಳಗಿನ ಸಬ್ ಹೊರಗಿನ ಮೈ ವೇರಿಯಬಲನ್ನ ಒಂದೇ ಸಲ ಹಿಡ್ಕೊಳೋದು, ಮೊದಲ ಸಲದ್ದನ್ನ. ಎರಡನೇ ರಿಕ್ವೆಸ್ಟಿಗೆ ಹೊರಗೆ ಹೊಸ $ರೆಗ್‌ನೋ ಹುಟ್ಟತ್ತೆ, ಹೆಸರು ಅದರಿಂದ ಬರತ್ತೆ, ಒಳಗಿನ ಸಬ್ ಮಾತ್ರ ಮೊದಲು ಬಂದವನ ನಂಬರನ್ನೇ ಗಟ್ಟಿಯಾಗಿ ಹಿಡ್ಕೊಂಡು ಕೂತಿರತ್ತೆ. ಲಾಗ್ ಹೇಳ್ತಿರೋದೂ ಅದನ್ನೇ. ವಾರ್ನಿಂಗ್ ಬರೋದು ಕಂಪೈಲ್ ಟೈಮಲ್ಲಿ, ಒಂದು ಚೈಲ್ಡ್‌ಗೆ ಒಂದೇ ಸಲ, ಅದಕ್ಕೇ ರೀಸ್ಟಾರ್ಟ್ ಆದ ಹೊಸದ್ರಲ್ಲಿ ಮಾತ್ರ ಕಾಣೋದು.

ರಿಫ್ರೆಶ್ ಮಾಡಿದ್ರೆ ಬೇರೆ ಬೇರೆಯವ್ರದು ಬರೋದು ಯಾಕೆ? ಪ್ರಿಫೋರ್ಕ್‌ನಲ್ಲಿ ಡಿಫಾಲ್ಟ್ ಆಗಿ ಶುರುವಲ್ಲೇ 5 ಚೈಲ್ಡ್ ಇರತ್ತೆ. ಪ್ರತಿಯೊಂದಕ್ಕೂ ಅದರದೇ ಆದ 'ಮೊದಲು ಬಂದವನು'. ನಿಮ್ಮ ರಿಕ್ವೆಸ್ಟ್ ಯಾವ ಚೈಲ್ಡ್ ಕೈಗೆ ಸಿಗತ್ತೋ ಅವನ ಮಾರ್ಕ್ಸ್.

ನನ್ ಮಾತು ನಂಬ್ಬೇಡಿ, ನೀವೇ ನೋಡಿ. ಪೇಜಿನ ಕೊನೇಲಿ ಪ್ರೋಸೆಸ್ ಐಡಿ ಪ್ರಿಂಟ್ ಮಾಡಿಸಿ, ಪರ್ಲ್‌ನಲ್ಲಿ ಎರಡು ಡಾಲರ್ ಅಷ್ಟೇ, $$. ಒಂದೇ ಐಡಿ ಬಂದಾಗೆಲ್ಲ ಒಂದೇ ಟೇಬಲ್ ಬಂದ್ರೆ ಕೇಸ್ ಖುಲಾಸೆ. ಇನ್ನೂ ಖಾತ್ರಿ ಬೇಕಂದ್ರೆ ಟೆಸ್ಟ್ ಮೆಷೀನ್‌ನಲ್ಲಿ ಸರ್ವಿಸ್ ನಿಲ್ಲಿಸಿ ಒಂದೇ ಪ್ರೋಸೆಸ್‌ನಲ್ಲಿ ಎಬ್ಬಿಸಿ, ಅಪಾಚೆ2ಸಿಟಿಎಲ್‌ಗೆ ಮೈನಸ್ ಕ್ಯಾಪಿಟಲ್ ಎಕ್ಸ್ ಕೊಟ್ಟು. ಉಬುಂಟುನಲ್ಲಿ ಬರೀ ಅಪಾಚೆ2 ಅಂತ ನೇರವಾಗಿ ಎಬ್ಬಿಸಿದ್ರೆ ಎನ್ವಿರಾನ್‌ಮೆಂಟ್ ವೇರಿಯಬಲ್ ಇಲ್ಲ ಅಂತ ಬೈಯತ್ತೆ, ಸಿಟಿಎಲ್ ಮೂಲಕನೇ ಹೋಗಿ. ಒಂದೇ ಪ್ರೋಸೆಸ್ ಇದ್ರೆ ಒಂದ್ಸಲ ಸರಿ ಒಂದ್ಸಲ ತಪ್ಪು ಅನ್ನೋ ಆಟ ಇರಲ್ಲ, ಮೊದಲ ನಂಬರ್ ಬಿಟ್ಟು ಮಿಕ್ಕಿದ್ದೆಲ್ಲ ಪ್ರತಿ ಸಲ ತಪ್ಪೇ ಬರತ್ತೆ. ಆಟ ಆಡಿಸೋ ಬಗ್‌ಗಿಂತ ಪ್ರತಿ ಸಲ ಕೈಕೊಡೋ ಬಗ್ ಎಷ್ಟೋ ವಾಸಿ.

ಸರಿ ಮಾಡೋದು ಸುಲಭ, $ರೆಗ್‌ನೋ ಅನ್ನ ಸಬ್‌ಗೆ ಆರ್ಗ್ಯುಮೆಂಟ್ ಆಗಿ ಪಾಸ್ ಮಾಡಿ. ಮೈ ತೆಗೆದು ಅವರ್ (our) ಮಾಡಿದ್ರೂ ಬಗ್ ನಿಲ್ಲತ್ತೆ, ಆದ್ರೆ ಅದು ಗ್ಲೋಬಲ್, ಪ್ರತಿ ರಿಕ್ವೆಸ್ಟ್ ಶುರುವಲ್ಲಿ ನೀವೇ ಖಾಲಿ ಮಾಡ್ಬೇಕು, ಇಲ್ಲಾಂದ್ರೆ ಯಾವುದೋ ಅರೇಗೆ ಪುಶ್ ಮಾಡ್ತಾ ಹೋದ್ರೆ ಹಿಂದಿನವರದ್ದೆಲ್ಲ ಸೇರ್ಕೊಂಡು ಪಟ್ಟಿ ಬೆಳೀತಾನೇ ಇರತ್ತೆ. ನನಗೆ ಅವರ್ ದಾರಿ ಇಷ್ಟ ಇಲ್ಲ. ಸಬ್‌ಗಳನ್ನೆಲ್ಲ ಬೇರೆ ಮಾಡ್ಯೂಲ್‌ಗೆ ಎತ್ತಿ ಹಾಕೋದು ಇನ್ನೂ ಚೊಕ್ಕ.

ಧಾರವಾಡ_ಪೇಡಾ:

ಸರ, ಒಂಟೆಯವರು ಹೇಳಿದ್ದು ಖರೇ ಐತಿ, ಆದ್ರ ಮದಲ ಆ ಪೇಜ್ ಬಂದ್ ಮಾಡ್ರಿ. ಒಬ್ಬರ ಮಾರ್ಕ್ಸ್ ಇನ್ನೊಬ್ಬರಿಗೆ ಕಾಣಾಕತ್ತೈತಿ ಅಂದ್ರ ಇದು ಹುಡುಗಾಟದ ಮಾತಲ್ಲ. ಬಂದ್ ಮಾಡಾಕ ಪ್ರಿನ್ಸಿಪಾಲರು ಒಪ್ಪಂಗಿಲ್ಲ ಅಂದ್ರ, ಕಾನ್ಫಿಗ್‌ನ್ಯಾಗ ರಿಜಿಸ್ಟ್ರಿ ಅಂತ ಇರೋ ಕಡೆ ಪರ್ಲ್‌ರನ್ ಅಂತ ಮಾಡಿ ರೀಸ್ಟಾರ್ಟ್ ಮಾಡ್ರಿ. ಅದು ಪ್ರತಿ ಸಲ ಸ್ಕ್ರಿಪ್ಟ್ ಹೊಸದಾಗಿ ಕಂಪೈಲ್ ಮಾಡತೈತಿ, ಹಿಂಗಾಗಿ ಹಳೇ ನಂಬರ್ ಉಳಿಯಂಗಿಲ್ಲ. ರಿಜಿಸ್ಟ್ರಿಯಷ್ಟು ಜೋರು ಇಲ್ಲ, ಆದ್ರೂ ಪರ್ಲ್ ಮದಲ ಲೋಡ್ ಆಗಿರತೈತಲ್ಲ, ಸಿಜಿಐಗಿಂತ ಛಲೋನ. ಕೋಡ್ ಸರಿ ಮಾಡೂತನ ಅದರಾಗ ಕಾಲ ಹಾಕ್ರಿ.

ಇಲ್ಲಾಂದ್ರ ಮ್ಯಾಕ್ಸ್‌ಕನೆಕ್ಷನ್ಸ್‌ಪರ್‌ಚೈಲ್ಡ್ 1 ಅಂತ ಇಟ್ಟರೂ ಆಗತೈತಲ್ಲ? ಒಬ್ಬರಿಗೆ ಉತ್ತರ ಕೊಟ್ಟ ಕೂಡಲೇ ಚೈಲ್ಡ್ ಸಾಯತೈತಿ.

ಹಳೇ_ಒಂಟೆ:

ಪರ್ಲ್‌ರನ್ ಒಳ್ಳೇ ಸಲಹೆ, ಅದು ನಾನೇ ಮೊದಲು ಹೇಳ್ಬೇಕಿತ್ತು. 1 ಇಡೋದು ಬೇಡ. ಅದರ ಹೆಸರಲ್ಲೇ ಇದೆ ನೋಡಿ, ಲೆಕ್ಕ ಹಾಕೋದು ಕನೆಕ್ಷನ್ನು, ರಿಕ್ವೆಸ್ಟ್ ಅಲ್ಲ. ಕೀಪ್‌ಅಲೈವ್ ಆನ್ ಇದ್ರೆ ಒಂದೇ ಕನೆಕ್ಷನ್‌ನಲ್ಲಿ ಹಲವು ರಿಕ್ವೆಸ್ಟ್ ಬರತ್ತೆ, ಮುಂದೆ ರಿವರ್ಸ್ ಪ್ರಾಕ್ಸಿ ಇದ್ರಂತೂ ಆ ಒಂದು ಕನೆಕ್ಷನ್‌ನಲ್ಲೇ ಬೇರೆ ಬೇರೆ ಹುಡುಗ್ರು ಬರ್ಬೋದು. ಬಗ್ ಅಲ್ಲೇ ಇರತ್ತೆ, ಕಾಣೋದು ಕಮ್ಮಿ ಆಗತ್ತೆ ಅಷ್ಟೇ. ಮೇಲಾಗಿ ಪ್ರತಿ ಸಲ ಫೋರ್ಕ್ ಮಾಡಿ ಹೊಸ ಚೈಲ್ಡ್ ಹುಟ್ಟಿಸೋದಾದ್ರೆ ಸಿಜಿಐ ಏನ್ ಪಾಪ ಮಾಡಿತ್ತು?

ಪಿಎಚ್‌ಪಿ_ಪುಟ್ಟ:

ಇದು ನನಗೆ ಹೊಳೀಲೇ ಇಲ್ಲ ಯಾಕಂದ್ರೆ ಪಿಎಚ್‌ಪಿನೂ ಅಪಾಚೆ ಒಳಗೇ ಮಾಡ್ಯೂಲ್ ಆಗಿ ಓಡತ್ತೆ ಆದ್ರೆ ರಿಕ್ವೆಸ್ಟ್ ಮುಗಿದ ತಕ್ಷಣ ವೇರಿಯಬಲ್ ಎಲ್ಲಾ ಗುಡಿಸಿ ಹಾಕಿಬಿಡತ್ತೆ. ಪೈಥಾನನ್ನ ಅಪಾಚೆ ಒಳಗೆ ಓಡ್ಸೋ ಮಾಡ್‌ಡಬ್ಲ್ಯುಎಸ್‌ಜಿಐ ಹೆಂಗೆ? ಅದರಲ್ಲೂ ಉಳ್ಕೊಳತ್ತಾ?

ಹಳೇ_ಒಂಟೆ:

ಮಾಡ್ಯೂಲ್ ಲೆವೆಲ್‌ನಲ್ಲಿರೋ ಗ್ಲೋಬಲ್ ಎಲ್ಲಾ ಉಳಿಯತ್ತೆ, ಪ್ರೋಸೆಸ್ ಸಾಯೋವರೆಗೂ. ಈ ಸಬ್ ಒಳಗಿನ ಸಬ್ ಕಥೆ ಮಾತ್ರ ಅಲ್ಲಿಲ್ಲ, ಅದು ಪರ್ಲ್‌ನ ಸೊತ್ತು.

ಲ್ಯಾಬ್_ಮನುಷ್ಯ:

ಒಂಟೆ ಸಾರ್, ನೀವು ನಮ್ಮ ಸ್ಕ್ರಿಪ್ಟ್ ಕದ್ದು ನೋಡಿದ್ರಾ ಅಂತ ಡೌಟು, ಅಕ್ಷರಶಃ ಹಾಗೇ ಇದೆ. ಐಡಿ ಪ್ರಿಂಟ್ ಮಾಡಿಸ್ದೆ. 2417 ಬಂದಾಗೆಲ್ಲ ಒಂದೇ ಹುಡುಗಿ ಟೇಬಲ್ಲು, 2419 ಬಂದ್ರೆ ಯಾವಾಗ್ಲೂ ಇನ್ನೊಬ್ಬನದು. ಸದ್ಯಕ್ಕೆ ಪರ್ಲ್‌ರನ್‌ಗೆ ಬದಲಾಯಿಸಿದೀನಿ, ಗಲಾಟೆ ನಿಂತಿದೆ. ಪೇಡಾ ಅವ್ರೇ, ಥ್ಯಾಂಕ್ಸ್. ಟೆಸ್ಟ್ ಮೆಷೀನ್‌ನಲ್ಲಿ ಆರ್ಗ್ಯುಮೆಂಟ್ ಪಾಸ್ ಮಾಡಿ ರಿಜಿಸ್ಟ್ರಿಯಲ್ಲೇ ಓಡಿಸ್ದೆ, ಎಲ್ಲಾ ಸರಿ ಬಂತು, ವಾರ್ನಿಂಗೂ ಇಲ್ಲ.

ಇನ್ನೊಂದು ಉಳಿದಿದೆ. ಕೆಲವು ದಿನ ಬೆಳಿಗ್ಗೆ ಬಂದು ಪೇಜ್ ತೆಗೆದ್ರೆ 500 ಎರರ್, ಅಪಾಚೆ ರೀಸ್ಟಾರ್ಟ್ ಮಾಡೋವರೆಗೂ ಹೋಗಲ್ಲ. ಲಾಗ್‌ನಲ್ಲಿ 'ಟರ್ಮಿನೇಟಿಂಗ್ ಕನೆಕ್ಷನ್ ಡ್ಯೂ ಟು ಅಡ್ಮಿನಿಸ್ಟ್ರೇಟರ್ ಕಮಾಂಡ್' ಅಂತಿದೆ. ಅಡ್ಮಿನಿಸ್ಟ್ರೇಟರ್ ನಾನೇ, ನಾನ್ಯಾವ ಕಮಾಂಡೂ ಕೊಟ್ಟಿಲ್ಲ! ಡೇಟಾಬೇಸ್ ಕನೆಕ್ಟ್ ಮಾಡೋ ಸಾಲು ಒಂದು ಕಾಮನ್ ಮಾಡ್ಯೂಲ್‌ನಲ್ಲಿ ಮೇಲ್ಗಡೇನೇ ಇದೆ, ಸಬ್ ಒಳಗಲ್ಲ.

ಧಾರವಾಡ_ಪೇಡಾ:

ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಏನರ ಓಡತೈತೇನ್ರಿ? ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಆದ್ರ ಕನೆಕ್ಟ್ ಆಗಿದ್ದವರಿಗೆ ಇದ ಮೆಸೇಜ್ ಬರತೈತಿ. ಕ್ರಾನ್ (ಟೈಮಿಗೆ ಸರಿಯಾಗಿ ತಾನ ಕೆಲಸ ಓಡಿಸೋ ಪಟ್ಟಿ) ನೋಡ್ರಿ, ರೂಟ್‌ದೂ ನೋಡ್ರಿ. ಪೋಸ್ಟ್‌ಗ್ರೆಸ್‌ಗೆ ಅದರದ ಬ್ಯಾಕಪ್ ಕಮಾಂಡ್ ಪಿಜಿಡಂಪ್ ಸಾಕು, ಬ್ಯಾಕಪ್ ತಗೋಳಾಕ ಸರ್ವಿಸ್ ನಿಲ್ಲಸೋದು ಬ್ಯಾಡ.

ಹಳೇ_ಒಂಟೆ:

ಪೇಡಾ ಹೇಳಿದ್ದೇ ಇರ್ಬೇಕು. ಆದ್ರೆ ಬ್ಯಾಕಪ್ ಸರಿ ಮಾಡಿದ್ರೂ ಕೋಡ್ ಹಾಗೇ ಬಿಡ್ಬೇಡಿ, ನಾಳೆ ಇನ್ಯಾವುದೋ ಕಾರಣಕ್ಕೆ ಡೇಟಾಬೇಸ್ ರೀಸ್ಟಾರ್ಟ್ ಆಗತ್ತೆ. ಮಾಡ್ಯೂಲ್ ಲೋಡ್ ಆಗೋದು ಒಂದು ಚೈಲ್ಡ್‌ಗೆ ಒಂದೇ ಸಲ, ಅದರ ಮೇಲ್ಗಡೆ ಇರೋ ಕನೆಕ್ಟ್ ಓಡೋದೂ ಒಂದೇ ಸಲ. ಕನೆಕ್ಷನ್ ಸತ್ತ್ಮೇಲೂ ಚೈಲ್ಡ್ ಆ ಹೆಣಾನೇ ಹಿಡ್ಕೊಂಡು ಓಡಾಡತ್ತೆ. ಪರ್ಲ್‌ರನ್ ಹಾಕಿದ್ರೂ ಇದು ಹೋಗಲ್ಲ, ಅದು ಹೊಸದಾಗಿ ಕಂಪೈಲ್ ಮಾಡೋದು ಸ್ಕ್ರಿಪ್ಟನ್ನ, ಮಾಡ್ಯೂಲನ್ನ ಅಲ್ಲ. ಕನೆಕ್ಟ್ ಅನ್ನ ಒಂದು ಸಬ್ ಒಳಗೆ ಹಾಕಿ ಪ್ರತಿ ರಿಕ್ವೆಸ್ಟಿಗೂ ಕರೀರಿ, ಜೊತೆಗೆ ಸ್ಟಾರ್ಟಪ್ ಫೈಲಲ್ಲಿ ಡಿಬಿಐಗಿಂತ (ಪರ್ಲ್‌ನ ಡೇಟಾಬೇಸ್ ಮಾಡ್ಯೂಲ್) ಮೊದಲು ಅಪಾಚೆ::ಡಿಬಿಐ ಲೋಡ್ ಮಾಡಿ. ಅದು ಕನೆಕ್ಷನ್ ಉಳಿಸ್ಕೊಂಡಿರತ್ತೆ, ಕನೆಕ್ಟ್ ಅಂತ ಕರೆದಾಗ ಪಿಂಗ್ ಮಾಡಿ ನೋಡಿ ಬದುಕಿದ್ರೆ ಅದನ್ನೇ ಕೊಡತ್ತೆ, ಸತ್ತಿದ್ರೆ ಹೊಸದು ತೆಗೆಯತ್ತೆ. ಸ್ಪೀಡೂ ಹೋಗಲ್ಲ. ಒಂದೇ ಎಚ್ಚರ, ಸ್ಟಾರ್ಟಪ್ ಫೈಲ್‌ನಲ್ಲೇ ಕನೆಕ್ಷನ್ ತೆಗೆದಿಡ್ಬೇಡಿ, ಅದು ಫೋರ್ಕ್ ಆಗೋಕ್ ಮುಂಚೆ ಓಡತ್ತೆ, ಆಮೇಲೆ ಎಲ್ಲಾ ಚೈಲ್ಡ್‌ಗಳೂ ಒಂದೇ ಸಾಕೆಟ್‌ಗೆ ಕಿತ್ತಾಡ್ತವೆ.

ಲ್ಯಾಬ್_ಮನುಷ್ಯ:

ಕ್ರಾನ್‌ನಲ್ಲಿ ಸಿಕ್ತು, ಹಿಂದೆ ಇದ್ದವರು ಹಾಕಿಟ್ಟಿದ್ದು, ಶನಿವಾರ ರಾತ್ರಿ ಮತ್ತೆ ತಿಂಗಳ ಮೊದಲ ದಿನ ಪೋಸ್ಟ್‌ಗ್ರೆಸ್ ನಿಲ್ಲಿಸಿ ಫೋಲ್ಡರ್ ಕಾಪಿ ಮಾಡತ್ತೆ. ಅದನ್ನ ಡಂಪ್‌ಗೆ ಬದಲಾಯಿಸ್ತಿದೀನಿ. ಕನೆಕ್ಟ್ ಕೂಡ ಸಬ್ ಒಳಗೆ ಹಾಕ್ದೆ ಆದ್ರೆ ಟೆಸ್ಟ್‌ನಲ್ಲಿ ಒಂದ್ಸಲ ಹೊಸ ಕೋಡ್ ಓಡಿದ ಹಾಗಿರತ್ತೆ ಒಂದ್ಸಲ ಹಳೇದು. ಸ್ಕ್ರಿಪ್ಟ್ ತಿದ್ದಿದ್ರೆ ತಕ್ಷಣ ತಗೊಳತ್ತಲ್ಲ, ಮಾಡ್ಯೂಲ್ ಯಾಕೆ ಹಿಂಗೆ?

ಹಳೇ_ಒಂಟೆ:

ರಿಜಿಸ್ಟ್ರಿ ಫೈಲ್ ಟೈಮ್ ನೋಡೋದು ಸ್ಕ್ರಿಪ್ಟ್‌ದು ಮಾತ್ರ. ಮಾಡ್ಯೂಲ್ ತಿದ್ದಿದ್ರೆ ಆಗ್ಲೇ ಅದನ್ನ ಲೋಡ್ ಮಾಡ್ಕೊಂಡಿರೋ ಚೈಲ್ಡ್ ಹಳೇದನ್ನೇ ಓಡಿಸತ್ತೆ, ಆಮೇಲೆ ಹುಟ್ಟಿದ್ದು ಹೊಸದನ್ನ. ಟೆಸ್ಟ್ ಮೆಷೀನ್‌ನಲ್ಲಿ ಅಪಾಚೆ2::ರೀಲೋಡ್ ಹಾಕ್ಕೊಳಿ, ಪ್ರತಿ ರಿಕ್ವೆಸ್ಟಿಗೂ ಮಾಡ್ಯೂಲ್ ಬದಲಾಗಿದ್ಯಾ ಅಂತ ನೋಡತ್ತೆ. ಲೈವ್ ಸರ್ವರ್‌ನಲ್ಲಿ ಅದು ಬೇಡ, ಮಾಡ್ಯೂಲ್ ಮುಟ್ಟಿದ್ರೆ ಅಪಾಚೆ ರೀಸ್ಟಾರ್ಟ್ ಮಾಡಿಬಿಡಿ. ಆಮೇಲೆ ಆ ಪ್ರೋಸೆಸ್ ಐಡಿ ಸಾಲನ್ನ ಪೇಜಿಂದ ತೆಗೆದು ಲಾಗ್‌ಗೆ ಹಾಕಿ, ಹುಡುಗ್ರು ಅದ್ಯಾವ ಸಬ್ಜೆಕ್ಟಿನ ಮಾರ್ಕ್ಸು ಅಂತ ಕೇಳ್ಕೊಂಡು ಬರ್ತಾರೆ.