ವಿರೋಧ ಪಕ್ಷದ ಸಂಸದರನ್ನು ಜೈಲಿಗೆ ಹಾಕಿದರೆ ಜಿನೀವಾಕ್ಕೆ ದೂರು ಕೊಟ್ಟು ಆಗುವುದೇನು?

ಪ್ರಶ್ನೆ · ಸದನದಂಗಳ

ಫಿಲಿಪ್ಪೀನ್ಸ್‌ನ ಲೇಲಾ ಡಿ ಲಿಮಾ ಪ್ರಕರಣದ ದಾಖಲೆ ಓದುತ್ತಿದ್ದೇನೆ. ಆಗಿನ ಅಧ್ಯಕ್ಷ ಡುಟರ್ಟೆಯವರ ಮಾದಕ ವಸ್ತು ಕಾರ್ಯಾಚರಣೆಯ ಹತ್ಯೆಗಳ ಬಗ್ಗೆ ಸೆನೆಟ್‌ನಲ್ಲಿ ವಿಚಾರಣೆ ನಡೆಸುತ್ತಿದ್ದವರು. 2016ರ ಸೆಪ್ಟೆಂಬರ್‌ನಲ್ಲಿ ಸಮಿತಿಯ ಅಧ್ಯಕ್ಷ ಸ್ಥಾನ ಕಿತ್ತುಕೊಂಡರು. 2017ರ ಫೆಬ್ರವರಿ 24ರಂದು ಮಾದಕ ವಸ್ತು ವ್ಯಾಪಾರದ ಆರೋಪದ ಮೇಲೆ ಬಂಧನವಾಯಿತು. ಜಾಮೀನು ಸಿಕ್ಕಿದ್ದು 2023ರ ನವೆಂಬರ್ 13ಕ್ಕೆ. ಮೂರು ಕೇಸುಗಳಲ್ಲಿ ಕೊನೆಯದು ಬಿದ್ದುಹೋದದ್ದು 2024ರ ಜೂನ್ 24ಕ್ಕೆ. ಆರು ವರ್ಷ ಎಂಟು ತಿಂಗಳ ಮೇಲೆ ಒಳಗಿದ್ದರು, ಅದರಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಸೆನೆಟರ್ ಆಗಿಯೇ.

ಗೊತ್ತಿದ್ದವರು ಬಿಡಿಸಿ ಹೇಳಿ. ಸಂಸದರಿಗೆ ಬಂಧನದಿಂದ ರಕ್ಷಣೆ ಇದೆ ಅಂತಾರಲ್ಲ, ಅದು ಇಲ್ಲಿ ಯಾಕೆ ಕೆಲಸ ಮಾಡಲಿಲ್ಲ? ಜಿನೀವಾದಲ್ಲಿರುವ ಅಂತರ್‌ಸಂಸದೀಯ ಒಕ್ಕೂಟದ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡುವುದು ಹೇಗೆ, ಎಲ್ಲಿ ಎಡವುತ್ತಾರೆ? ನಮ್ಮ ದೇಶದಲ್ಲಿ ಇಂಥ ಸಂದರ್ಭಕ್ಕೆ ಏನಿದೆ?

ಉತ್ತರ · ಹಳೇಕಡತ

ಮೊದಲ ಪ್ರಶ್ನೆಗೆ ಉತ್ತರ ಅವರ ಸಂವಿಧಾನದಲ್ಲೇ ಇದೆ. 6ನೇ ವಿಧಿಯ 11ನೇ ಸೆಕ್ಷನ್ ಪ್ರಕಾರ, ಅಧಿವೇಶನ ನಡೆಯುವಾಗ ಸದಸ್ಯರನ್ನು ಬಂಧಿಸುವಂತಿಲ್ಲ. ಆದರೆ ಈ ರಕ್ಷಣೆ ಆರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇಲ್ಲದ ಅಪರಾಧಗಳಿಗೆ ಮಾತ್ರ. ಮಾದಕ ವಸ್ತು ವ್ಯಾಪಾರಕ್ಕೆ ಅಲ್ಲಿ ಜೀವಾವಧಿ ಶಿಕ್ಷೆ ಇದೆ. ಹಾಗಾಗಿ ಆರೋಪ ಯಾವುದೆಂದು ತೀರ್ಮಾನವಾದ ಕ್ಷಣಕ್ಕೇ ರಕ್ಷಣೆ ಮುಗಿದುಹೋಯಿತು. ಆ ತೀರ್ಮಾನ ಮಾಡುವವರು ಸರ್ಕಾರದ ಕೈಕೆಳಗಿನ ಪ್ರಾಸಿಕ್ಯೂಟರ್‌ಗಳು. ಯಾವ ದೇಶದ ಪ್ರಕರಣ ಓದುವಾಗಲೂ ಮೊದಲು ಈ ಜಾಗ ನೋಡಿ: ರಕ್ಷಣೆಗೆ ಎಲ್ಲಿ ಮಿತಿ ಹಾಕಿದ್ದಾರೆ, ಆ ಮಿತಿ ದಾಟಿಸುವ ಅಧಿಕಾರ ಯಾರ ಕೈಯಲ್ಲಿದೆ.

ಜಾಮೀನಿನದ್ದೂ ಅದೇ ಕಥೆ. ಜೀವಾವಧಿ ಶಿಕ್ಷೆಯ ಅಪರಾಧವಾದರೆ, ಸಾಕ್ಷ್ಯ ಬಲವಾಗಿಲ್ಲ ಎಂದು ಕೋರ್ಟಿಗೆ ಮನವರಿಕೆ ಆಗುವವರೆಗೆ ಜಾಮೀನಿಲ್ಲ. ಅದನ್ನು ನೋಡಲು ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಸಬೇಕು. ಜಾಮೀನು ಅರ್ಜಿಯೇ ಒಂದು ಅರ್ಧ ವಿಚಾರಣೆ ಆಗಿಬಿಡುತ್ತದೆ. ಇದರ ನಡುವೆ ನ್ಯಾಯಾಧೀಶರು ಒಬ್ಬರಾದ ಮೇಲೊಬ್ಬರು ಬದಲಾದರು. ಬಂಧನವನ್ನೇ ಪ್ರಶ್ನಿಸಿದ ಅರ್ಜಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ 9–6ರ ಬಹುಮತದಿಂದ ತಳ್ಳಿಹಾಕಿತು. ವ್ಯಾಪಾರ ಎಂದಿದ್ದ ಆರೋಪವನ್ನು ಪ್ರಾಸಿಕ್ಯೂಷನ್ ಆಮೇಲೆ ವ್ಯಾಪಾರದ ಸಂಚು ಎಂದು ತಿದ್ದಿತು. ಸಾಕ್ಷಿಗಳಲ್ಲಿ ಹಲವರು ನ್ಯೂ ಬಿಲಿಬಿಡ್ ಜೈಲಿನ ಶಿಕ್ಷಿತ ಕೈದಿಗಳು. 2022ರ ವೇಳೆಗೆ ಮುಖ್ಯ ಸಾಕ್ಷಿಗಳೇ ಒತ್ತಡಕ್ಕೆ ಹೇಳಿದ್ದೆವು ಎಂದು ಮಾತು ಹಿಂತೆಗೆದುಕೊಂಡರು.

ಜನ ಗಮನಿಸದ ಇನ್ನೊಂದು ಸಂಗತಿ ಇದೆ. ಅವರ ಸ್ಥಾನ ಹೋಗಿರಲಿಲ್ಲ. ಕ್ಯಾಂಪ್ ಕ್ರೇಮ್‌ನ ಬಂಧನ ಕೇಂದ್ರದಲ್ಲಿ ಫೋನ್, ಇಂಟರ್‌ನೆಟ್ ಇಲ್ಲದೆ, ಹೇಳಿಕೆಗಳನ್ನು ಕೈಯಲ್ಲಿ ಬರೆದು ಹೊರಗೆ ಕಳಿಸುತ್ತಿದ್ದರು, ಮಸೂದೆಗಳನ್ನೂ ಮಂಡಿಸುತ್ತಿದ್ದರು. ಆದರೆ ಮತ ಹಾಕಲು ಸದನದಲ್ಲಿ ಇರಬೇಕು. 2020ರಲ್ಲಿ ಕೋವಿಡ್ ಕಾರಣಕ್ಕೆ ಸೆನೆಟ್ ತನ್ನ ನಿಯಮ ತಿದ್ದಿ ದೂರದಿಂದಲೇ ಕಲಾಪಕ್ಕೆ ಸೇರಲು ಸದಸ್ಯರಿಗೆ ಅವಕಾಶ ಕೊಟ್ಟಿತು. ಇವರಿಗೆ ಮಾತ್ರ ಆ ಅವಕಾಶ ಸಿಗಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ನೋವು ತರುವ ವಿಷಯ ಇದೇ, ಏಕೆಂದರೆ ಇದಕ್ಕೆ ಕೋರ್ಟು ಅಡ್ಡ ಬಂದಿತ್ತು ಎಂದು ಹೇಳಿ ಸದನ ಜಾರಿಕೊಳ್ಳುವಂತಿಲ್ಲ.

ಉತ್ತರ · ಟಿಪ್ಪಣಿಕಾರ್ತಿ

ದೂರಿನ ಬಗ್ಗೆ ನಾನು ಬರೆಯುತ್ತೇನೆ. ಅಂತರ್‌ಸಂಸದೀಯ ಒಕ್ಕೂಟ, ಅಂದರೆ ಐಪಿಯು, 1889ರಲ್ಲಿ ಹುಟ್ಟಿದ್ದು. ಅದು ವಿಶ್ವಸಂಸ್ಥೆಯ ಅಂಗವಲ್ಲ, ಸಂಸತ್ತುಗಳ ಒಕ್ಕೂಟ. ಸಂಸದರ ಮಾನವ ಹಕ್ಕುಗಳ ಸಮಿತಿ ಶುರುವಾದದ್ದು 1976ರಲ್ಲಿ. ಅದರ ಸದಸ್ಯರೂ ಬೇರೆ ಬೇರೆ ದೇಶಗಳ ಸಂಸದರೇ. ತೀರ್ಮಾನಗಳನ್ನು ಬಲವಂತವಾಗಿ ಜಾರಿ ಮಾಡುವ ಅಧಿಕಾರ ಇದಕ್ಕಿಲ್ಲ. ಇದನ್ನು ತಿಳಿದುಕೊಂಡೇ ದೂರು ಬರೆಯಬೇಕು, ಇಲ್ಲವಾದರೆ ದೂರು ಹೈಕೋರ್ಟಿನ ರಿಟ್ ಅರ್ಜಿಯ ಥರ ಆಗಿಬಿಡುತ್ತದೆ.

ದೂರು ಸಂಸದರೇ ಕೊಡಬೇಕೆಂದಿಲ್ಲ. ಮನೆಯವರು, ವಕೀಲರು, ಇನ್ನೊಬ್ಬ ಸಂಸದರು, ಪಕ್ಷ, ಮಾನವ ಹಕ್ಕು ಸಂಘಟನೆ ಯಾರಾದರೂ ಕೊಡಬಹುದು, ಅನಾಮಧೇಯವಾಗಿ ಆಗದು. ಎರಡು ಅಂಶ ಮೊದಲ ಪುಟದಲ್ಲೇ ಇರಬೇಕು. ಒಂದು, ಘಟನೆ ನಡೆದಾಗ ಆ ವ್ಯಕ್ತಿ ಸಂಸದರಾಗಿದ್ದರು ಎಂಬುದಕ್ಕೆ ದಾಖಲೆ: ಚುನಾಯಿತರಾದ ದಿನ, ಪ್ರಮಾಣವಚನದ ದಿನ, ಸ್ಥಾನ ಹೋಗಿದ್ದರೆ ಹೋದ ದಿನ. ಇನ್ನೊಂದು, ಉಲ್ಲಂಘನೆ ಯಾವ ಬಗೆಯದು: ಮನಸೋಇಚ್ಛೆ ಬಂಧನವೋ, ಚಿತ್ರಹಿಂಸೆಯೋ, ನ್ಯಾಯಯುತ ವಿಚಾರಣೆ ಇಲ್ಲದಿರುವುದೋ, ಅಭಿವ್ಯಕ್ತಿಗೆ ತಡೆಯೋ, ಸದಸ್ಯತ್ವವನ್ನು ಅಕ್ರಮವಾಗಿ ಕಿತ್ತುಕೊಂಡದ್ದೋ. ಒಂದೇ ಪ್ರಕರಣದಲ್ಲಿ ನಾಲ್ಕೈದು ಬಗೆ ಸೇರಿರುತ್ತವೆ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ, ತಾರೀಖು ಹಾಕಿ ಬರೆಯಿರಿ.

ಬಹಳಷ್ಟು ಮಂದಿ ಎಡವುವುದು ಇಲ್ಲೇ. ಹತ್ತು ಪುಟ ರಾಜಕೀಯ ಹಿನ್ನೆಲೆ, ಅರ್ಧ ಪುಟ ಘಟನೆ. ಸಮಿತಿಗೆ ಬೇಕಾದದ್ದು ತಿರುಗುಮುರುಗು: ಎಷ್ಟು ಗಂಟೆಗೆ ಬಂದರು, ವಾರಂಟ್ ತೋರಿಸಿದರೋ ಇಲ್ಲವೋ, ಯಾವ ಇಲಾಖೆಯವರು, ವಕೀಲರ ಭೇಟಿಗೆ ಎಷ್ಟು ದಿನ ಹಿಡಿಯಿತು, ಸಭಾಧ್ಯಕ್ಷರಿಗೆ ಯಾವ ದಿನ ತಿಳಿಸಿದರು. 2019ರ ಮೇ 8ರಂದು ವೆನೆಜುವೆಲಾದಲ್ಲಿ ರಾಷ್ಟ್ರೀಯ ಅಸೆಂಬ್ಲಿಯ ಉಪಾಧ್ಯಕ್ಷ ಎಡ್ಗರ್ ಜಾಂಬ್ರಾನೊ ಕಾರಿನಿಂದ ಇಳಿಯಲು ಒಪ್ಪದಿದ್ದಾಗ, ಗುಪ್ತಚರ ಪೊಲೀಸರು ಅವರು ಒಳಗಿರುವಂತೆಯೇ ಕಾರನ್ನು ಕ್ರೇನ್ ಗಾಡಿಗೆ ಕಟ್ಟಿ ಎಲಿಕೊಯ್ಡೆ ಬಂಧನ ಕೇಂದ್ರಕ್ಕೆ ಎಳೆದುಕೊಂಡು ಹೋದರು. ಈ ಒಂದು ವಾಕ್ಯ ಇಪ್ಪತ್ತು ಪುಟದ ಖಂಡನೆಗಿಂತ ಹೆಚ್ಚು ಹೇಳುತ್ತದೆ.

ದೂರು ಸ್ವೀಕಾರವಾದ ಮೇಲೆ ಆ ದೇಶದ ಸಂಸತ್ತಿಗೆ ಪತ್ರ ಹೋಗುತ್ತದೆ, ವಿವರಣೆ ಕೇಳುತ್ತಾರೆ. ಸಮಿತಿಯ ಸಭೆ ಗೌಪ್ಯ, ಆದರೆ ಒಕ್ಕೂಟದ ಆಡಳಿತ ಮಂಡಳಿ ಅಂಗೀಕರಿಸಿದ ನಿರ್ಣಯ ಬಹಿರಂಗ. ಐಪಿಯು ಮಹಾಸಭೆಗೆ ಬಂದ ಆ ದೇಶದ ನಿಯೋಗವನ್ನು ಎದುರು ಕೂರಿಸಿ ಕೇಳುತ್ತಾರೆ. ಬೇಕಾದರೆ ದೇಶಕ್ಕೆ ನಿಯೋಗ ಕಳಿಸುತ್ತಾರೆ, ವಿಚಾರಣೆಗೆ ವೀಕ್ಷಕರನ್ನು ಕೂರಿಸುತ್ತಾರೆ. ಡಿ ಲಿಮಾ ಪ್ರಕರಣದಲ್ಲಿ ಎರಡೂ ನಡೆದವು.

ವೀಕ್ಷಕರಿಗೆ ಕೆಲಸಕ್ಕೆ ಬರುವುದು ಕಲಾಪದ ಪಟ್ಟಿ: ಯಾವ ದಿನ ಕರೆದರು, ಯಾರು ಬರಲಿಲ್ಲ, ಯಾರ ಕೋರಿಕೆಗೆ ಮುಂದೂಡಿದರು, ಮುಂದಿನ ದಿನಾಂಕ ಎಷ್ಟು ದೂರ. ಈ ನಾಲ್ಕು ಕಾಲಮ್‌ನ ಪಟ್ಟಿಯನ್ನು ಮೊದಲ ದಿನದಿಂದಲೇ ವಕೀಲರ ಕಚೇರಿಯಲ್ಲಿ ಇಡಿ. ಎರಡು ವರ್ಷ ಕಳೆದ ಮೇಲೆ ನೆನಪಿನಿಂದ ಬರೆಯಲು ಹೋದರೆ ತಪ್ಪು ನುಸುಳುತ್ತದೆ. ಒಂದು ತಾರೀಖು ತಪ್ಪಿದರೆ ಸರ್ಕಾರ ಅದನ್ನೇ ಹಿಡಿದು ಇಡೀ ದೂರನ್ನು ಸುಳ್ಳು ಎನ್ನುತ್ತದೆ.

ಜೊತೆಜೊತೆಗೆ ವಿಶ್ವಸಂಸ್ಥೆಯ ಮನಸೋಇಚ್ಛೆ ಬಂಧನ ಕುರಿತ ಕಾರ್ಯಪಡೆಗೂ ಕಳಿಸಬಹುದು. ಐವರು ತಜ್ಞರ ತಂಡ ಅದು. ದೇಶದ ಕೋರ್ಟುಗಳನ್ನೆಲ್ಲ ಮುಗಿಸಿ ಬರಬೇಕೆಂಬ ಷರತ್ತಿಲ್ಲ. ಸಾಮಾನ್ಯ ದೂರಿಗೆ ಉತ್ತರಿಸಲು ಸರ್ಕಾರಕ್ಕೆ 60 ದಿನ. ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯವಿದ್ದರೆ ತುರ್ತು ಮನವಿಯ ದಾರಿ ಬೇರೆ. ಡಿ ಲಿಮಾ ಬಂಧನ ಮನಸೋಇಚ್ಛೆಯದು ಎಂದು ಕಾರ್ಯಪಡೆ 2018ರಲ್ಲೇ ಹೇಳಿತ್ತು.

ಮರುಪ್ರಶ್ನೆ · ಸದನದಂಗಳ

2018ರಲ್ಲಿ ಹೇಳಿದರೂ ಬಿಡುಗಡೆಗೆ ಇನ್ನೂ ಐದು ವರ್ಷ ಹಿಡಿಯಿತಲ್ಲ? ಸಂಸತ್ತೇ ಸರ್ಕಾರದ ಮುಷ್ಟಿಯಲ್ಲಿದ್ದರೆ ಅದಕ್ಕೆ ಪತ್ರ ಬರೆದು ಪ್ರಯೋಜನವೇನು?

ಉತ್ತರ · ಟಿಪ್ಪಣಿಕಾರ್ತಿ

ಬಾಗಿಲು ತೆರೆಸುವ ಶಕ್ತಿ ಪತ್ರಕ್ಕಿಲ್ಲ, ನಿಜ. ಕಡ್ಡಾಯ ತೀರ್ಪಿಗೂ ಕೆಲವೊಮ್ಮೆ ಇರುವುದಿಲ್ಲ. ಟರ್ಕಿಯಲ್ಲಿ 2016ರ ಮೇ 20ರಂದು ಸಂವಿಧಾನ ತಿದ್ದುಪಡಿ ಮಾಡಿ, ಆಗ ಬಾಕಿ ಇದ್ದ ಪ್ರಕರಣಗಳ ಮಟ್ಟಿಗೆ ಸಂಸದರ ರಕ್ಷಣೆ ತೆಗೆದರು. ನವೆಂಬರ್ 4ರಂದು ವಿರೋಧ ಪಕ್ಷವಾದ ಎಚ್‌ಡಿಪಿಯ ಸಹ ಅಧ್ಯಕ್ಷರಾದ ಸೆಲಹತ್ತಿನ್ ದೆಮಿರ್ತಾಶ್ ಮತ್ತು ಫಿಗೆನ್ ಯುಕ್ಸೆಕ್‌ದಾಗ್ ಇಬ್ಬರನ್ನೂ ಬಂಧಿಸಿದರು. 2020ರ ಡಿಸೆಂಬರ್ 22ರಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ, ದೆಮಿರ್ತಾಶ್ ಬಂಧನಕ್ಕೆ ರಾಜಕೀಯ ಉದ್ದೇಶವಿತ್ತು, ಕೂಡಲೇ ಬಿಡಿ ಎಂದಿತು. ಆದರೂ ಬಿಡಲಿಲ್ಲ. ಅದಕ್ಕೂ ಮುಂಚೆ, 2019ರ ಸೆಪ್ಟೆಂಬರ್ 20ರಂದೇ, ಅದೇ ಘಟನೆಗಳಿಗೆ ಬೇರೆ ಕಲಂ ಹಚ್ಚಿ ಹೊಸ ಬಂಧನ ಎಂದು ತೋರಿಸಿದ್ದರು. ಎರಡೂ ಆರೋಪಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಯಾವ ಪ್ಯಾರಾ ಯಾವುದಕ್ಕೆ ಸಮ ಎಂದು ಗುರುತು ಹಾಕಿ ತೋರಿಸದಿದ್ದರೆ ಈ ಜಾಣತನ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ದೂರಿನಿಂದ ಆಗುವುದು ಬೇರೆ. ಸರ್ಕಾರ ಕೊಟ್ಟ ಉತ್ತರ ಕಡತದಲ್ಲಿ ಕೂರುತ್ತದೆ, ಮುಂದಿನ ಉತ್ತರವನ್ನು ಅದರ ಪಕ್ಕಕ್ಕಿಟ್ಟು ನೋಡಬಹುದು. ಜೈಲಿನೊಳಗಿನ ನಡವಳಿಕೆಯ ಮೇಲೆ ಹೊರಗಿನ ಕಣ್ಣಿರುತ್ತದೆ. ಆ ದೇಶದ ಸಂಸದರು ಎಲ್ಲಿ ಹೋದರೂ ಬೇರೆ ದೇಶದವರು ಹೆಸರು ಹಿಡಿದು ಕೇಳುತ್ತಾರೆ. ಬೆಲಾರುಸ್‌ನ ವಿರೋಧ ಪಕ್ಷದ ನಾಯಕ ವಿಕ್ತರ್ ಗೊಂಚಾರ್ 1999ರ ಸೆಪ್ಟೆಂಬರ್ 16ರಂದು ಕಾಣೆಯಾದರು. ಅಂಥವರ ಕಡತವನ್ನೂ ಸಮಿತಿ ದಶಕಗಟ್ಟಲೆ ಮುಚ್ಚದೆ ಇಟ್ಟುಕೊಂಡಿತು. ಮನೆಯವರಿಗೆ ಅದು ಸಣ್ಣ ಮಾತಲ್ಲ.

ಉತ್ತರ · ಕಲಂ105

ನಮ್ಮ ದೇಶದ್ದು ಹೇಳುತ್ತೇನೆ. 105ನೇ ವಿಧಿ ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ರಕ್ಷಣೆ ಕೊಡುತ್ತದೆ. ಬಂಧನದ ವಿಷಯದಲ್ಲಿ ರಕ್ಷಣೆ ಇರುವುದು ಸಿವಿಲ್ ಪ್ರಕರಣಕ್ಕೆ ಮಾತ್ರ, ಅಧಿವೇಶನದ ಹಿಂದೆ ಮುಂದೆ 40 ದಿನ ಸೇರಿಸಿ. ಕ್ರಿಮಿನಲ್ ಕೇಸಿಗೂ ಮುಂಜಾಗ್ರತಾ ಬಂಧನಕ್ಕೂ ಅದು ಅನ್ವಯಿಸದು. ಬಂಧನದಲ್ಲಿರುವ ಸಂಸದರಿಗೆ ಅಧಿವೇಶನಕ್ಕೆ ಹೋಗುವ ಸಾಂವಿಧಾನಿಕ ಹಕ್ಕಿಲ್ಲ ಎಂದು ಆನಂದ ನಂಬಿಯಾರ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಉಳಿಯುವುದು ಕಾಗದದ ಕೆಲಸ, ಅದನ್ನು ಮರೆಯಬಾರದು. ಲೋಕಸಭೆಯ ನಿಯಮ 229ರಂತೆ ಬಂಧಿಸಿದವರು ಕಾರಣ ಮತ್ತು ಇಟ್ಟಿರುವ ಜಾಗವನ್ನು ಕೂಡಲೇ ಸ್ಪೀಕರ್‌ಗೆ ತಿಳಿಸಬೇಕು. ತಡವಾದರೆ ಹಕ್ಕುಚ್ಯುತಿ ಎಂದು ಎತ್ತಬಹುದು. 101(4)ನೇ ವಿಧಿ ಇನ್ನೂ ಮುಖ್ಯ: ಅನುಮತಿ ಇಲ್ಲದೆ 60 ದಿನ ಗೈರಾದರೆ ಸದನ ಆ ಸ್ಥಾನವನ್ನು ಖಾಲಿ ಎಂದು ಘೋಷಿಸಬಹುದು. ಅಧಿವೇಶನ ಮುಗಿದ ಕಾಲ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ಕಾಲ ಲೆಕ್ಕಕ್ಕಿಲ್ಲ. ಜೈಲಿನಲ್ಲಿದ್ದೇನೆ, ಎಲ್ಲರಿಗೂ ಗೊತ್ತು ಎಂದು ಸುಮ್ಮನಿರಬೇಡಿ. ರಜೆ ಅರ್ಜಿ ಬರೆದು, ಜೈಲು ಅಧೀಕ್ಷಕರ ಮೂಲಕ ಕಳಿಸಿ, ಸ್ವೀಕೃತಿ ಪಡೆಯಿರಿ. ಶಾಸಕರಿಗೆ ಇದೇ ನಿಯಮ 190(4)ರಲ್ಲಿದೆ.

ಶಿಕ್ಷೆಯಾದರೆ ಮತ್ತೊಂದು ಅಪಾಯ. ಸುಪ್ರೀಂ ಕೋರ್ಟಿನ 2013ರ ಲಿಲಿ ಥಾಮಸ್ ತೀರ್ಪಿನ ನಂತರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದ ಕೂಡಲೇ ಅನರ್ಹತೆ. ಮೇಲ್ಮನವಿಯಲ್ಲಿ ಶಿಕ್ಷೆಗೆ ಮಾತ್ರ ತಡೆ ಸಿಕ್ಕರೆ ಜೈಲು ತಪ್ಪುತ್ತದೆ, ಸ್ಥಾನ ಉಳಿಯದು. ಅಪರಾಧಿ ಎಂಬ ನಿರ್ಣಯಕ್ಕೇ ತಡೆ ಬೇಕು. ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ತಡೆ ಸಿಕ್ಕಮೇಲೂ ಕಾಯಬೇಕಾದೀತು: ಲಕ್ಷದ್ವೀಪದ ಮೊಹಮ್ಮದ್ ಫೈಝಲ್ ಅವರಿಗೆ 2023ರ ಜನವರಿ 25ರಂದು ಕೇರಳ ಹೈಕೋರ್ಟ್ ತಡೆ ಕೊಟ್ಟಿತು, ಸದಸ್ಯತ್ವ ಮರಳಿದ್ದು ಮಾರ್ಚ್ 29ಕ್ಕೆ. ರಾಹುಲ್ ಗಾಂಧಿ ಅವರಿಗೆ ಅದೇ ವರ್ಷದ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 7ಕ್ಕೆ ಮರಳಿತು. ಲೋಕಸಭಾ ಸಚಿವಾಲಯಕ್ಕೆ ಆದೇಶದ ದೃಢೀಕೃತ ಪ್ರತಿ ತಲುಪಿದ ದಿನವನ್ನು ಬರಹದಲ್ಲಿ ಪಡೆದಿಡಿ.

ಹೊರದೇಶದ ದಾರಿಯಲ್ಲಿ ನಮಗೊಂದು ಬಾಗಿಲು ಮುಚ್ಚಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು, ವೈಯಕ್ತಿಕ ದೂರಿನ ಐಚ್ಛಿಕ ಪ್ರೋಟೋಕಾಲ್‌ಗೆ ಸೇರಿಲ್ಲ. ಐಪಿಯು ಮತ್ತು ಮೇಲೆ ಹೇಳಿದ ಕಾರ್ಯಪಡೆ ಎರಡೂ ತೆರೆದಿವೆ.

ಬೆಂಗಳೂರಿಗೂ ಇದಕ್ಕೂ ನೇರ ಸಂಬಂಧವಿದೆ. ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ರಂದು, ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಾಲ್ವರನ್ನೂ ಇಲ್ಲೇ ಬಂಧಿಸಿದರು. ಪಕ್ಷಾಂತರ ಮಸೂದೆಯ ಸಂಸದೀಯ ಸಮಿತಿ ಸಭೆಗೆ ಬಂದಿದ್ದರು. ಇಟ್ಟದ್ದು ಕೇಂದ್ರ ಕಾರಾಗೃಹದಲ್ಲಿ, ಈಗ ಫ್ರೀಡಂ ಪಾರ್ಕ್ ಇರುವ ಜಾಗ. ಕರ್ನಾಟಕ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಬಂಧನವನ್ನು ಪ್ರಶ್ನಿಸುವ ಅರ್ಜಿ, ಹಾಕಿದರು. ತುರ್ತು ಪರಿಸ್ಥಿತಿಯಲ್ಲೂ ಇಂಥ ಅರ್ಜಿ ಹಾಕಬಹುದು ಎಂಬ ವಾದ ಉಳಿದ ಹೈಕೋರ್ಟುಗಳ ಪ್ರಕರಣಗಳ ಜೊತೆ ಸುಪ್ರೀಂ ಕೋರ್ಟಿಗೆ ಹೋಗಿ, 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ್ ತೀರ್ಪಿನಲ್ಲಿ 4–1ರಿಂದ ಸೋತಿತು. ಒಪ್ಪದೆ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪು ಎಂದು ಅದೇ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು, 41 ವರ್ಷ ಕಳೆದ ಮೇಲೆ. ಆ ಹೊತ್ತಿಗೆ ದಂಡವತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.